ಒಂದೇ ಊರು, ಎರಡು ಆಟ: ಹರ್ಲಿಂಗ್ ಮತ್ತು ಗೇಲಿಕ್ ಫುಟ್‌ಬಾಲ್ ಕ್ಲಬ್‌ಗಳ ಸೀಸನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಐರ್ಲೆಂಡಿನ ಕಾರ್ಕ್ ಕೌಂಟಿಯ ಒಂದು ಹಳ್ಳಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಮಗ ಆರು ವರ್ಷದವನಿದ್ದಾಗ ಊರಿನ ಕ್ಲಬ್‌ಗೆ ಸೇರಿಸಿದೆವು. ಈಗ ಅವನಿಗೆ ಹದಿನೈದು. ಮೊದಮೊದಲು ಅವನನ್ನು ಇಳಿಸಿ ಕಾರಿನಲ್ಲೇ ಕೂತಿರುತ್ತಿದ್ದವನು ನಾನು. ಈಗ ಮಕ್ಕಳ ಪಂದ್ಯವಿದ್ದರೆ ಗೋಲಿನ ಪಕ್ಕ ಬಾವುಟ ಹಿಡಿದು ನಿಲ್ಲುತ್ತೇನೆ. ಪಾಯಿಂಟ್‌ಗೆ ಬಿಳಿ, ಗೋಲಿಗೆ ಹಸಿರು. ಇಲ್ಲಿಗೆ ಹೊಸದಾಗಿ ಬಂದ ಕನ್ನಡದ ಮನೆಗಳವರು ನನ್ನನ್ನು ಕೇಳುವ ಪ್ರಶ್ನೆಗಳೆಲ್ಲ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತವೆ: ಈ ವಾರ ಯಾವ ಆಟ, ಮುಂದಿನ ವಾರ ಯಾವುದು, ಯಾಕೆ ಹೀಗೆ? ಒಬ್ಬೊಬ್ಬರಿಗೇ ಫೋನಿನಲ್ಲಿ ಹೇಳುತ್ತಿದ್ದದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಇದು ಹೇಳಿ, ಈ ಎರಡು ಆಟ ಯಾವುವು?

ಹರ್ಲಿಂಗ್‌ನಲ್ಲಿ ಕೈಯಲ್ಲಿ ಹರ್ಲಿ ಅನ್ನುವ ಮರದ ಕೋಲು ಇರುತ್ತದೆ, ತುದಿ ಅಗಲ. ಚೆಂಡು ಚಿಕ್ಕದು, ಗಟ್ಟಿ. ಅದಕ್ಕೆ ಸ್ಲಿಟರ್ ಅನ್ನುತ್ತಾರೆ. ಗೇಲಿಕ್ ಫುಟ್‌ಬಾಲ್‌ನಲ್ಲಿ ದೊಡ್ಡ ದುಂಡು ಚೆಂಡು. ಕಾಲಲ್ಲೂ ಒದೆಯಬಹುದು, ಕೈಯಲ್ಲೂ ಹಿಡಿದು ಓಡಬಹುದು, ಆದರೆ ಓಡುವಾಗ ನಾಲ್ಕು ಹೆಜ್ಜೆಗೊಮ್ಮೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದಕ್ಕೆ ತಾಗಿಸಿ ಮತ್ತೆ ಕೈಗೆ ತೆಗೆದುಕೊಳ್ಳಬೇಕು. ಎರಡಕ್ಕೂ ಮೈದಾನ ಒಂದೇ, ಕಂಬ ಒಂದೇ, ತಂಡಕ್ಕೆ 15 ಜನ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೋದರೆ ಗೋಲು, ಅದಕ್ಕೆ 3 ಪಾಯಿಂಟ್. ಮೇಲಿಂದ ಹೋದರೆ 1. ಫುಟ್‌ಬಾಲ್‌ನಲ್ಲಿ 2025ರಿಂದ ಹೊಸ ನಿಯಮ ಬಂದಿದೆ, 40 ಮೀಟರ್ ಕಮಾನಿನ ಆಚೆಯಿಂದ ಮೇಲೆ ಹೊಡೆದರೆ 2.

ಎರಡನ್ನೂ ನಡೆಸುವುದು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಅಂದರೆ ಜಿಎಎ. 1884ರ ನವೆಂಬರ್ 1ರಂದು ಥರ್ಲೆಸ್ ಊರಿನ ಒಂದು ಹೋಟೆಲಿನಲ್ಲಿ ಶುರುವಾದ ಸಂಸ್ಥೆ.

ಒಂದೇ ಕ್ಲಬ್ ಎರಡೂ ಆಟ ಯಾಕೆ ಆಡಿಸುತ್ತದೆ? ಬೇರೆ ಬೇರೆ ಇದ್ದರೆ ಸುಲಭ ಅಲ್ವಾ?

ಇಲ್ಲಿ ಕ್ಲಬ್ ಅಂದರೆ ಊರು. ಚರ್ಚಿನ ಪ್ಯಾರಿಷ್ ಗಡಿ ಎಲ್ಲಿದೆಯೋ ಸುಮಾರಾಗಿ ಅಲ್ಲಿಗೇ ಕ್ಲಬ್ಬಿನ ಗಡಿಯೂ ನಿಲ್ಲುತ್ತದೆ. ನೀವು ಯಾವ ಊರಿನವರೋ ಆ ಊರಿಗೇ ಆಡುತ್ತೀರಿ. ದುಡ್ಡು ಕೊಟ್ಟು ಆಟಗಾರರನ್ನು ತರುವ ಪದ್ಧತಿ ಇಲ್ಲ, ಆಡುವವರಿಗೆ ಸಂಬಳವೂ ಇಲ್ಲ. ಟಿವಿಯಲ್ಲಿ ಕಾಣುವ ದೊಡ್ಡ ಆಟಗಾರನೂ ಸೋಮವಾರ ಬೆಳಿಗ್ಗೆ ಶಾಲೆಗೆ ಪಾಠ ಮಾಡಲು ಹೋಗುತ್ತಾನೆ, ಇಲ್ಲ ಹಾಲು ಕರೆಯಲು ಏಳುತ್ತಾನೆ.

ಹಾಗಾಗಿ ಹಳ್ಳಿಯಲ್ಲಿ ಆಡುವ ವಯಸ್ಸಿನ ಇಪ್ಪತ್ತೈದು, ಮೂವತ್ತು ಹುಡುಗರಿದ್ದರೆ ಹರ್ಲಿಂಗ್ ತಂಡವೂ ಅವರೇ, ಫುಟ್‌ಬಾಲ್ ತಂಡವೂ ಅವರೇ. ಇಂಥ ಕ್ಲಬ್ಬನ್ನು ಡ್ಯುಯಲ್ ಕ್ಲಬ್ ಅನ್ನುತ್ತಾರೆ.

ಕೆಲವು ಕಡೆ ಹೆಸರು ಎರಡು, ಜನ ಒಂದೇ. ಕಾರ್ಕ್ ನಗರದ ಬ್ಲ್ಯಾಕ್‌ಪೂಲ್‌ನಲ್ಲಿ ಹರ್ಲಿಂಗ್‌ಗೆ ಗ್ಲೆನ್ ರೋವರ್ಸ್, ಫುಟ್‌ಬಾಲ್‌ಗೆ ಸೇಂಟ್ ನಿಕೊಲಸ್. ಮುಂದೆ ಐರ್ಲೆಂಡಿನ ಪ್ರಧಾನಿಯಾದ ಜ್ಯಾಕ್ ಲಿಂಚ್ ಎರಡಕ್ಕೂ ಆಡಿದವರು. 1941ರಿಂದ 1946ರವರೆಗೆ ಸತತ ಆರು ವರ್ಷ ಕಾರ್ಕ್ ಪರ ಅಖಿಲ ಐರ್ಲೆಂಡ್ ಪದಕ ಗೆದ್ದರು. ಐದು ಹರ್ಲಿಂಗ್‌ನಲ್ಲಿ, 1945ರದ್ದು ಫುಟ್‌ಬಾಲ್‌ನಲ್ಲಿ. ವಾಟರ್‌ಫರ್ಡ್ ಕೌಂಟಿಯ ಒಂದು ಕಣಿವೆಯಲ್ಲೂ ಹೀಗೆಯೇ, ಫುಟ್‌ಬಾಲ್‌ಗೆ ದ ನಾಯರ್, ಹರ್ಲಿಂಗ್‌ಗೆ ಫೋರ್‌ಮೈಲ್‌ವಾಟರ್. ಬೋರ್ಡು ಬೇರೆ ಇದ್ದರೂ ಓಡುವ ಕಾಲುಗಳು ಅವೇ. ವೇಳಾಪಟ್ಟಿಯ ತೊಂದರೆ ಅವರಿಗೂ ಅಷ್ಟೇ ಇದೆ.

ಕೌಂಟಿ ತಂಡ, ಕ್ಲಬ್ ತಂಡ ಅಂತಾರಲ್ಲ, ವ್ಯತ್ಯಾಸ ಏನು?

ಕೌಂಟಿಯ ಎಲ್ಲ ಕ್ಲಬ್‌ಗಳಿಂದ ಒಳ್ಳೆಯ ಆಟಗಾರರನ್ನು ಆರಿಸಿ ಕಟ್ಟುವುದು ಕೌಂಟಿ ತಂಡ. ಅವರೇ ಡಬ್ಲಿನ್ನಿನ ಕ್ರೋಕ್ ಪಾರ್ಕ್‌ನಲ್ಲಿ 82,000 ಜನರ ಮುಂದೆ ಆಡುವವರು. ಅದು ಮುಗಿದ ಮೇಲೆ ಅದೇ ಹುಡುಗ ತನ್ನ ಊರಿನ ಕ್ಲಬ್‌ಗೆ ಆಡುತ್ತಾನೆ. ಕೌಂಟಿಗೆ ಆಡುವವರು ಬೆರಳೆಣಿಕೆ. ಮಿಕ್ಕವರಿಗೆಲ್ಲ ಕ್ಲಬ್ಬೇ ಆಟ.

ಸ್ಪ್ಲಿಟ್ ಸೀಸನ್ ಅಂದರೇನು? ಅದು ಯಾಕೆ ಬಂತು?

ವರ್ಷವನ್ನು ಎರಡು ಭಾಗ ಮಾಡಿ ಮೊದಲರ್ಧ ಕೌಂಟಿಗೆ, ಎರಡನೇ ಅರ್ಧ ಕ್ಲಬ್‌ಗೆ ಕೊಡುವ ಏರ್ಪಾಡು. ಇದರ ಹಿಂದಿನ ಕಥೆ ಗೊತ್ತಿಲ್ಲದಿದ್ದರೆ ಇವತ್ತಿನ ತೊಂದರೆ ಅರ್ಥವಾಗುವುದಿಲ್ಲ.

ಮೊದಲು ಅಖಿಲ ಐರ್ಲೆಂಡ್ ಫೈನಲ್‌ಗಳು ಸೆಪ್ಟೆಂಬರಿನಲ್ಲಿ ನಡೆಯುತ್ತಿದ್ದವು. ಮೊದಲ ಭಾನುವಾರ ಹರ್ಲಿಂಗ್, ಮೂರನೆಯ ಭಾನುವಾರ ಫುಟ್‌ಬಾಲ್. ಕೌಂಟಿ ತಂಡ ಸೋತು ಹೊರಬರುವವರೆಗೆ ಅದರ ಆಟಗಾರರು ಕ್ಲಬ್‌ಗೆ ಸಿಗುತ್ತಿರಲಿಲ್ಲ. ಕೌಂಟಿ ಯಾವಾಗ ಸೋಲುತ್ತದೆ ಅಂತ ಮೊದಲೇ ಯಾರಿಗೆ ಗೊತ್ತು? ಕ್ಲಬ್ ಒಂದು ಪಂದ್ಯ ವಸಂತದಲ್ಲಿ ಆಡುತ್ತಿತ್ತು, ಮುಂದಿನದಕ್ಕೆ ಮೂರು ನಾಲ್ಕು ತಿಂಗಳು ಕಾಯುತ್ತಿತ್ತು. ಆ ನಡುವೆ ವಾರಕ್ಕೆರಡು ದಿನ ಅಭ್ಯಾಸ, ಯಾವ ಪಂದ್ಯಕ್ಕೆ ಅಂತ ಗೊತ್ತಿಲ್ಲದೆ. ಮದುವೆ ದಿನ ಇಟ್ಟುಕೊಳ್ಳಲಾಗದು, ರಜೆ ಬುಕ್ ಮಾಡಲಾಗದು. ಬೇಸತ್ತ ಹುಡುಗರು ಬೇಸಿಗೆಗೆ ಬಾಸ್ಟನ್, ಷಿಕಾಗೋ ಕಡೆ ಹೊರಟುಬಿಡುತ್ತಿದ್ದರು.

ಇದರ ವಿರುದ್ಧ ದನಿ ಎತ್ತಲು 2017ರಲ್ಲಿ ಕ್ಲಬ್ ಆಟಗಾರರದ್ದೇ ಒಂದು ಸಂಘ ಹುಟ್ಟಿತು. 2018ರಲ್ಲಿ ಏಪ್ರಿಲ್ ತಿಂಗಳನ್ನು ಕ್ಲಬ್‌ಗಳಿಗೆ ಮೀಸಲು ಅಂದರು. ಆದರೆ ಅದೇ ವರ್ಷ ಕೌಂಟಿ ಹರ್ಲಿಂಗ್‌ನ ಪ್ರಾಂತ್ಯ ಮಟ್ಟದಲ್ಲಿ (ಹಲವು ಕೌಂಟಿ ಸೇರಿ ಒಂದು ಪ್ರಾಂತ್ಯ) ಎಲ್ಲರ ಮೇಲೂ ಎಲ್ಲರೂ ಆಡುವ ಲೀಗ್ ಮಾದರಿ ಬಂತು, ಕೌಂಟಿ ಪಂದ್ಯಗಳೇ ಜಾಸ್ತಿಯಾದವು. ಏಪ್ರಿಲ್ ಕಾಗದದ ಮೇಲೆ ಉಳಿಯಿತು.

ದಾರಿ ತೆರೆದದ್ದು ಕೊರೊನಾ. 2020ರಲ್ಲಿ ಆಟ ಮತ್ತೆ ಶುರುವಾದಾಗ ಮೊದಲು ಕ್ಲಬ್ ಪಂದ್ಯಗಳು, ಆಮೇಲೆ ಕೌಂಟಿ ಅಂತ ಮಾಡಿದರು. ಬೇಸಿಗೆಯ ಒಣ ನೆಲದಲ್ಲಿ ಊರೂರ ಪಂದ್ಯ, ಕೌಂಟಿ ಆಟಗಾರರೂ ಜೊತೆಯಲ್ಲಿ. ಆ ವರ್ಷದ ಅಖಿಲ ಐರ್ಲೆಂಡ್ ಫೈನಲ್‌ಗಳು ಡಿಸೆಂಬರಿಗೆ ಹೋದವು. ಕ್ಲಬ್‌ಗೆ ತನ್ನದೇ ಕಾಲ ಅಂತ ಒಂದು ಇದ್ದರೆ ಹೇಗಿರುತ್ತದೆ ಅಂತ ಎಲ್ಲರೂ ಕಣ್ಣಾರೆ ನೋಡಿದರು. 2021ರಲ್ಲಿ ಜಿಎಎ ಸ್ಪ್ಲಿಟ್ ಸೀಸನ್‌ಗೆ ಒಪ್ಪಿತು, ಆಟಗಾರರ ಸಂಘವೂ ಕೆಲಸ ಮುಗಿಯಿತು ಅಂತ ಬಾಗಿಲು ಹಾಕಿತು. 2022ರಲ್ಲಿ ಹರ್ಲಿಂಗ್ ಫೈನಲ್ ಜುಲೈ 17ಕ್ಕೆ, ಫುಟ್‌ಬಾಲ್ ಫೈನಲ್ ಜುಲೈ 24ಕ್ಕೆ ಮುಗಿದವು. ಅಲ್ಲಿಂದ ಈಚೆಗೆ ಜುಲೈ ಕೊನೆಯಿಂದ ಕ್ಲಬ್ ಕಾಲ.

ಹಾಗಾದರೆ ಒಳ್ಳೆಯದೇ ಆಯಿತಲ್ಲ. ಡ್ಯುಯಲ್ ಕ್ಲಬ್‌ಗೆ ಏನು ಕಷ್ಟ?

ಒಳ್ಳೆಯದೇ ಆಯಿತು. ಅದನ್ನು ನಾನು ಮನಸಾರೆ ಹೇಳುತ್ತೇನೆ. ಆದರೆ ಒಂದು ಆಟ ಆಡುವ ಕ್ಲಬ್‌ಗೆ ಸಿಕ್ಕ ಸಮಯ, ಎರಡು ಆಟ ಆಡುವ ಕ್ಲಬ್‌ಗೆ ಅರ್ಧ ಮಾತ್ರ.

ಲೆಕ್ಕ ಹಾಕಿ ನೋಡಿ. ಕಾರ್ಕ್‌ನಲ್ಲಿ ಗುಂಪಿಗೆ ನಾಲ್ಕು ತಂಡ, ಅಂದರೆ ಗುಂಪಿನಲ್ಲಿ ಮೂರು ಪಂದ್ಯ. ಹರ್ಲಿಂಗ್ ಮೂರು, ಫುಟ್‌ಬಾಲ್ ಮೂರು, ಒಟ್ಟು ಆರು. ಆಮೇಲೆ ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್. ಎರಡರಲ್ಲೂ ಕೊನೆಯವರೆಗೆ ಹೋದರೆ ಇನ್ನೂ ಆರು. ಹನ್ನೆರಡು ಪಂದ್ಯ. ಜುಲೈ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಸಿಗುವುದು ಹದಿಮೂರು, ಹದಿನಾಲ್ಕು ವಾರಾಂತ್ಯ. ಒಂದು ಪಂದ್ಯ ಡ್ರಾ ಆಗಿ ಮತ್ತೆ ಆಡಬೇಕಾಯಿತು, ಒಂದು ವಾರ ಮಳೆಗೆ ಮೈದಾನ ಕೆರೆಯಾಯಿತು ಅಂದರೆ ಮುಗಿಯಿತು, ಉಸಿರಾಡಲು ಜಾಗವಿಲ್ಲ.

ಗಡುವು ದಾಟುವ ಹಾಗೂ ಇಲ್ಲ. ಕೌಂಟಿ ಗೆದ್ದ ಕ್ಲಬ್ ಪ್ರಾಂತ್ಯ ಮಟ್ಟಕ್ಕೆ ಹೋಗಬೇಕು, ಅದು ಅಕ್ಟೋಬರ್ ಕೊನೆ, ನವೆಂಬರಿನಲ್ಲಿ ಶುರು. ಅಖಿಲ ಐರ್ಲೆಂಡ್ ಕ್ಲಬ್ ಫೈನಲ್ ಮೊದಲು ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ ಇರುತ್ತಿತ್ತು. 2020ರಿಂದ ಅದನ್ನೂ ಜನವರಿಗೆ ತಂದರು. ಹಿಂದಿನಿಂದ ಗೋಡೆ, ಮುಂದಿನಿಂದ ಗೋಡೆ.

ಬೆಳಕಿನ ವಿಷಯ ನಮ್ಮ ಕಡೆಯವರಿಗೆ ಬೇಗ ಹೊಳೆಯುವುದಿಲ್ಲ. ಜೂನಿನಲ್ಲಿ ಇಲ್ಲಿ ರಾತ್ರಿ ಹತ್ತರ ಹತ್ತಿರ ಸೂರ್ಯ ಮುಳುಗುತ್ತಾನೆ. ಅಕ್ಟೋಬರ್ ನಡುವಿಗೆ ಬಂದರೆ ಆರೂವರೆ, ಏಳಕ್ಕೇ ಕತ್ತಲು. ಲೈಟಿನ ಕಂಬಗಳಿಲ್ಲದ ಹಳ್ಳಿ ಕ್ಲಬ್‌ಗೆ ವಾರದ ದಿನ ಪಂದ್ಯ ಇಡುವ ದಾರಿಯೇ ಮುಚ್ಚುತ್ತದೆ. ಅಭ್ಯಾಸಕ್ಕೂ ಬೇರೆ ಮೈದಾನ ಹುಡುಕಬೇಕು. ಬೆಳಕು ಜಾಸ್ತಿ ಇರುವ ತಿಂಗಳುಗಳೆಲ್ಲ ಕೌಂಟಿಯ ಪಾಲಿಗೆ ಹೋಗಿವೆ.

ವಾರ ಬಿಟ್ಟು ವಾರ ಆಡಿಸುವುದು ಒಳ್ಳೆಯದೋ, ಒಂದು ಆಟ ಮುಗಿಸಿ ಇನ್ನೊಂದು ಆಡಿಸುವುದೋ?

ನಮ್ಮ ಕ್ಲಬ್ಬಿನ ಟೀ ಕೋಣೆಯಲ್ಲಿ ಅತಿ ಹೆಚ್ಚು ವಾದ ನಡೆಯುವುದು ಇದರ ಮೇಲೇ.

ಕಾರ್ಕ್‌ನಲ್ಲಿ ಗುಂಪಿನ ಹಂತ ವಾರ ಬಿಟ್ಟು ವಾರ. ಈ ವಾರಾಂತ್ಯ ಹರ್ಲಿಂಗ್, ಮುಂದಿನದು ಫುಟ್‌ಬಾಲ್. ಇದರಲ್ಲಿ ಒಂದೇ ವಾರ ಎರಡು ಪಂದ್ಯ ಬಂದು ಹುಡುಗರು ಸಾಯುವುದಿಲ್ಲ. ಎರಡು ಆಟಕ್ಕೂ ಸಮನಾದ ಮರ್ಯಾದೆ. ಒಂದು ಆಟ ಮಾತ್ರ ಆಡುವ ಕ್ಲಬ್‌ಗೆ ಹದಿನೈದು ದಿನಕ್ಕೊಂದು ಪಂದ್ಯ, ನಡುವೆ ವಿಶ್ರಾಂತಿ. ಎರಡು ಆಡುವ ಕ್ಲಬ್‌ಗೆ ಪ್ರತಿ ವಾರ ಪಂದ್ಯ. ಹಾಗಾಗಿ ಎದುರಾಳಿ ಎರಡು ವಾರ ಬರೀ ಹರ್ಲಿಂಗ್ ಅಭ್ಯಾಸ ಮಾಡಿ ದಣಿವಾರಿಸಿಕೊಂಡು ಬರುತ್ತಾರೆ. ನಮ್ಮವರು ಹೋದ ಭಾನುವಾರದ ಫುಟ್‌ಬಾಲಿನ ನೀಲಿಗಟ್ಟಿದ ತೊಡೆ ಇಟ್ಟುಕೊಂಡು ಬರುತ್ತಾರೆ.

ಇನ್ನೊಂದು ದಾರಿಯನ್ನು ವೆಕ್ಸ್‌ಫರ್ಡ್ ಕೌಂಟಿ ಕೆಲವು ವರ್ಷ ಹಿಡಿದಿತ್ತು. ಹರ್ಲಿಂಗ್ ಪೂರ್ತಿ ಮುಗಿಸುವುದು, ಆಮೇಲೆ ಫುಟ್‌ಬಾಲ್. ಆಟಗಾರನಿಗೆ ತಲೆ ಒಂದೇ ಕಡೆ ಇರುತ್ತದೆ, ಕೋಚ್‌ಗಳ ನಡುವೆ ಎಳೆದಾಟ ಇಲ್ಲ. ಆದರೆ ಮೊದಲು ಮುಗಿಸಿದ ಆಟದ ಚಾಂಪಿಯನ್ ನವೆಂಬರಿನ ಲೀನ್‌ಸ್ಟರ್ ಪ್ರಾಂತ್ಯದ ಪಂದ್ಯಕ್ಕೆ ವಾರಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಕೈಗೆ ಹತ್ತಿದ್ದ ಲಯ ಹೋಗಿರುತ್ತದೆ. ಮೊದಲ ಆಟದಲ್ಲಿ ಬೇಗ ಸೋತ, ಅದೊಂದೇ ಆಟ ಆಡುವ ಕ್ಲಬ್ಬಿಗಂತೂ ಆಗಸ್ಟಿಗೇ ವರ್ಷ ಮುಗಿದ ಹಾಗೆ.

ನನ್ನ ಮಾತು ಕೇಳಿದರೆ ವಾರ ಬಿಟ್ಟು ವಾರವೇ ಸರಿ. ಅದರ ಭಾರ ಹೊರುವವರು ಡ್ಯುಯಲ್ ಕ್ಲಬ್‌ನವರೇ, ಗೊತ್ತು. ಆದರೂ ಎರಡನ್ನೂ ಬಿಡದೆ ಆಡುವ ಊರುಗಳು ಉಳಿಯಬೇಕಾದರೆ ಎರಡು ಆಟವೂ ಒಟ್ಟಿಗೆ ಕಣ್ಣೆದುರು ಇರಬೇಕು. ಒಂದನ್ನು ಮುಗಿಸಿ ಇನ್ನೊಂದು ಅಂದರೆ ಎರಡನೆಯದು ಮಿಕ್ಕಿದ್ದರಲ್ಲಿ ಮಾಡುವ ಕೆಲಸವಾಗುತ್ತದೆ. ಬೇಕಾದದ್ದು ಗುಂಪಿನ ಹಂತಕ್ಕೂ ಕ್ವಾರ್ಟರ್ ಫೈನಲ್‌ಗೂ ನಡುವೆ ಒಂದು ಖಾಲಿ ವಾರ. ಒಂದೇ ಒಂದು.

ಇಷ್ಟು ಕಷ್ಟದಲ್ಲೂ ಎರಡರಲ್ಲೂ ಗೆದ್ದ ಕ್ಲಬ್ ಇದೆಯಾ?

ಇದೆ. ನನಗೆ ಅತಿ ಇಷ್ಟದ ಉದಾಹರಣೆ ಟಿಪ್ಪರರಿ ಕೌಂಟಿಯ ಲಾಕ್‌ಮೋರ್-ಕ್ಯಾಸಲೈನಿ. ಸಣ್ಣ ಗ್ರಾಮೀಣ ಪ್ಯಾರಿಷ್. 2013ರಲ್ಲಿ ಕೌಂಟಿಯ ಹರ್ಲಿಂಗ್, ಫುಟ್‌ಬಾಲ್ ಎರಡೂ ಗೆದ್ದರು. 2020ರಲ್ಲಿ ಎರಡರ ಫೈನಲ್‌ಗೂ ಬಂದು ಎರಡನ್ನೂ ಸೋತರು. ಬೇರೆ ಯಾರಾದರೂ ಆಗಿದ್ದರೆ ಒಂದನ್ನು ಕೈಬಿಡೋಣ ಅನ್ನುತ್ತಿದ್ದರೇನೋ. 2021ರಲ್ಲಿ ಮತ್ತೆ ಎರಡರ ಫೈನಲ್‌ಗೂ ಬಂದರು. ಹರ್ಲಿಂಗ್ ಫೈನಲ್ ಥರ್ಲೆಸ್ ಸಾರ್ಸ್‌ಫೀಲ್ಡ್ಸ್ ಮೇಲೆ ಡ್ರಾ ಆಯಿತು, ಮರುಪಂದ್ಯ ಆಡಿ ಗೆದ್ದರು. ಫುಟ್‌ಬಾಲ್ ಕಪ್ಪನ್ನೂ ತಂದರು. ವಾರದ ಮೇಲೆ ವಾರ ಹೆಚ್ಚು ಕಡಿಮೆ ಅದೇ ಹುಡುಗರು.

ಉತ್ತರದ ಡೆರಿ ಕೌಂಟಿಯಲ್ಲಿ ಸ್ಲಾಕ್ಟ್‌ನೀಲ್ ಅಂತ ಹಳ್ಳಿ. 2016ರಲ್ಲಿ ಹರ್ಲಿಂಗ್, ಫುಟ್‌ಬಾಲ್, ಹೆಣ್ಣುಮಕ್ಕಳ ಹರ್ಲಿಂಗ್ ಆದ ಕಮೋಗಿ, ಮೂರರಲ್ಲೂ ಅಲ್ಸ್ಟರ್ ಪ್ರಾಂತ್ಯ ಗೆದ್ದಿತು. ಒಂದೇ ಊರು!

ಡಬ್ಲಿನ್ ಕಥೆ ಬೇರೆ. ಕಿಲ್ಮಕಡ್ ಕ್ರೋಕ್ಸ್ 2021 ಮತ್ತು 2022ರಲ್ಲಿ ಡಬ್ಲಿನ್ನಿನ ಎರಡೂ ಕಪ್ ಗೆದ್ದಿತು. ಆದರೆ ಅದು ಸಾವಿರಾರು ಸದಸ್ಯರ ಕ್ಲಬ್, ಹರ್ಲರ್‌ಗಳು ಬೇರೆ, ಫುಟ್‌ಬಾಲರ್‌ಗಳು ಬಹುಪಾಲು ಬೇರೆ. ಅಲ್ಲಿ ವೇಳಾಪಟ್ಟಿ ಬಿಗಿಯಾದರೆ ಮೈದಾನ ಹಂಚಿಕೊಳ್ಳುವುದು ಕಷ್ಟ. ಹಳ್ಳಿಯಲ್ಲಿ ಬಿಗಿಯಾದರೆ ಮೊಣಕಾಲು ಹೋಗುತ್ತದೆ. ಎರಡನ್ನೂ ಡ್ಯುಯಲ್ ಕ್ಲಬ್ ಅನ್ನುವ ಒಂದೇ ಪದದಲ್ಲಿ ಸೇರಿಸಿ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ಎರಡೂ ಆಟದಲ್ಲಿ ಅಖಿಲ ಐರ್ಲೆಂಡ್ ಕ್ಲಬ್ ಕಪ್ ಗೆದ್ದವರು ಬಹಳ ಕಾಲ ನಮ್ಮ ಕಾರ್ಕ್‌ನ ಸೇಂಟ್ ಫಿನ್ಬಾರ್ಸ್ ಒಬ್ಬರೇ. 2025ರ ಜನವರಿಯಲ್ಲಿ ಡಬ್ಲಿನ್ನಿನ ಕೂಲಾ ಫುಟ್‌ಬಾಲ್ ಗೆದ್ದು ಎರಡನೆಯವರಾದರು. ಅವರು ಹರ್ಲಿಂಗ್ ಗೆದ್ದದ್ದು 2017 ಮತ್ತು 2018ರಲ್ಲಿ.

ವಾರದಲ್ಲಿ ಅಭ್ಯಾಸ ಹೇಗೆ ಹಂಚುತ್ತಾರೆ?

ನಮ್ಮಲ್ಲಿ ಈ ವಾರಾಂತ್ಯ ಯಾವ ಪಂದ್ಯವೋ ಆ ವಾರ ಆ ಆಟದ್ದೇ ಅಭ್ಯಾಸ. ಇಬ್ಬರು ಮ್ಯಾನೇಜರ್‌ಗಳು ಮಾತಾಡಿಕೊಂಡರೆ ಇದು ಸಲೀಸು. ಮಾತು ನಿಂತರೆ ಹುಡುಗರು ಮಂಗಳವಾರ ಅಲ್ಲಿಗೆ, ಬುಧವಾರ ಇಲ್ಲಿಗೆ ಓಡುತ್ತಾರೆ. ಅದನ್ನೂ ನೋಡಿದ್ದೇನೆ.

ಹೋದ ಸೆಪ್ಟೆಂಬರಿನ ಒಂದು ಮಂಗಳವಾರ ಸಂಜೆ ಡ್ರೆಸಿಂಗ್ ರೂಮಿನ ಬಾಗಿಲಲ್ಲಿ ನಿಂತಿದ್ದೆ. ಇಪ್ಪತ್ತಮೂರರ ಹುಡುಗ, ಬಡಗಿ ಕೆಲಸ, ಬೆಂಚಿನ ಮೇಲೆ ಕೂತು ಹರ್ಲಿಯ ಹಿಡಿಗೆ ಹೊಸ ಟೇಪು ಸುತ್ತುತ್ತಿದ್ದ. ಬಲಗೈಯ ಉಂಗುರ ಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಅದೇ ಟೇಪಿನಿಂದ ಕಟ್ಟಿಕೊಂಡಿದ್ದ. ಭಾನುವಾರ ಫುಟ್‌ಬಾಲಿನಲ್ಲಿ ಎತ್ತರದ ಚೆಂಡು ಹಿಡಿಯಲು ಹೋಗಿ ಉಳುಕಿದ ಬೆರಳು. ಎರಡು ವಾರ ಬಿಡು ಅಂದೆ. ಅವನು ನಕ್ಕು ಗೋಡೆಯ ಮೇಲಿನ ಪಂದ್ಯಪಟ್ಟಿ ತೋರಿಸಿದ. ಎರಡು ವಾರದಲ್ಲಿ ಎರಡು ಪಂದ್ಯ, ಎರಡೂ ಸೋಲುವ ಹಾಗಿಲ್ಲದವು. ಟೇಪನ್ನು ಹಲ್ಲಿನಲ್ಲಿ ಕತ್ತರಿಸಿ ಎದ್ದು ಹೋದ.

ಪೆಟ್ಟಿನ ಬಗ್ಗೆ ಕೇಳುವವರಿಗೆ ನಾನು ಹೇಳುವುದು ಇದನ್ನೇ. ತಲೆಗೆ ಹರ್ಲಿಂಗ್‌ನಲ್ಲಿ ಹೆಲ್ಮೆಟ್ ಕಡ್ಡಾಯ ಇದೆ. ದೊಡ್ಡ ಪೆಟ್ಟಾದರೆ ಆಟದಿಂದ ಇಳಿಸುತ್ತಾರೆ. ತೊಂದರೆ ಕೊಡುವುದು ಸಣ್ಣ ಪೆಟ್ಟು. ಹತ್ತು ದಿನ ಬಿಟ್ಟರೆ ವಾಸಿಯಾಗುವ ತೊಡೆಯ ಸ್ನಾಯು, ಬಿಡಲು ಹತ್ತು ದಿನ ಸಿಗದೆ ಅಕ್ಟೋಬರ್‌ವರೆಗೆ ಎಳೆಯುತ್ತದೆ.

ಕೊನೆಗೆ ಯಾವ ಆಟ ಸೋಲುತ್ತದೆ?

ಊರಿನಲ್ಲಿ ಯಾವುದು ಎರಡನೆಯದೋ ಅದು. ಐರ್ಲೆಂಡ್ ಪೂರ್ತಿ ಒಂದೇ ತರ ಇಲ್ಲ. ಕೆರಿ ಅಂದರೆ ಫುಟ್‌ಬಾಲ್, 2025ರಲ್ಲಿ 39ನೇ ಅಖಿಲ ಐರ್ಲೆಂಡ್ ಕಪ್ ಗೆದ್ದ ಕೌಂಟಿ. ಅಲ್ಲಿ ಹರ್ಲಿಂಗ್ ಇರುವುದು ಮುಖ್ಯವಾಗಿ ಉತ್ತರದ ಕೆಲವೇ ಊರುಗಳಲ್ಲಿ. ಕಿಲ್ಕೆನಿ ಅಂದರೆ ಹರ್ಲಿಂಗ್, 36 ಕಪ್. ಅವರು ಹಿರಿಯರ ಅಖಿಲ ಐರ್ಲೆಂಡ್ ಫುಟ್‌ಬಾಲ್ ಚಾಂಪಿಯನ್‌ಶಿಪ್‌ಗೆ ಬರುವುದೇ ಇಲ್ಲ. ಕಾರ್ಕ್, ಟಿಪ್ಪರರಿ, ಕ್ಲೇರ್, ಆಫಲಿ, ವೆಕ್ಸ್‌ಫರ್ಡ್, ಡಬ್ಲಿನ್ ಇವುಗಳಲ್ಲಿ ಎರಡೂ ಉಸಿರಾಡುತ್ತಿವೆ.

ಯಾರೂ ಸಭೆ ಸೇರಿ ಒಂದು ಆಟ ನಿಲ್ಲಿಸೋಣ ಅನ್ನುವುದಿಲ್ಲ. ಮುಂದಿನ ವಾರ ಹರ್ಲಿಂಗ್ ಸೆಮಿಫೈನಲ್ ಇದೆ, ಈ ವಾರದ ಫುಟ್‌ಬಾಲಿಗೆ ಮೂವರನ್ನು ಕೂರಿಸೋಣ ಅನ್ನುತ್ತಾರೆ. ಸೋಲುತ್ತಾರೆ. ಕೆಳಗಿನ ದರ್ಜೆಗೆ ಇಳಿಯುತ್ತಾರೆ. ಇಳಿದ ತಂಡಕ್ಕೆ ಮುಂದಿನ ವರ್ಷ ಅಭ್ಯಾಸಕ್ಕೆ ಬರುವವರು ಕಡಿಮೆ. ಹತ್ತು ವರ್ಷ ಬಿಟ್ಟು ನೋಡಿದರೆ ಮಕ್ಕಳ ಕೈಯಲ್ಲಿ ಒಂದೇ ಚೆಂಡು ಇರುತ್ತದೆ.

ಕೌಂಟಿ ಮಟ್ಟದಲ್ಲಿ ಇದು ಆಗಿಹೋಗಿದೆ. 1990ರಲ್ಲಿ ಕಾರ್ಕ್‌ನ ಟೆಡ್ಡಿ ಮೆಕಾರ್ತಿ ಒಂದೇ ವರ್ಷ ಎರಡೂ ಅಖಿಲ ಐರ್ಲೆಂಡ್ ಫೈನಲ್ ಆಡಿ ಗೆದ್ದರು. ಎರಡು ಫೈನಲ್‌ಗಳ ನಡುವೆ ಎರಡೇ ವಾರ. ಅವರ ಹಾಗೆ ಮಾಡಿದವರು ಇನ್ನೊಬ್ಬರಿಲ್ಲ. ಈಗಿನ ಬಿಗಿಯಾದ ಜನವರಿ–ಜುಲೈ ಪಟ್ಟಿಯಲ್ಲಿ ಇನ್ನೊಬ್ಬರು ಬರುವುದು ನನಗಂತೂ ಕಾಣುತ್ತಿಲ್ಲ. ಎರಡೂ ಆಡುವ ಮನುಷ್ಯ ಉಳಿದಿರುವುದು ಬಹುಪಾಲು ಕ್ಲಬ್‌ನಲ್ಲೇ.

ಹೆಣ್ಣುಮಕ್ಕಳಿಗೂ ಇದೇ ವೇಳಾಪಟ್ಟಿಯಾ?

ಅವರದ್ದು ಇನ್ನೂ ಕಷ್ಟ. ಕಮೋಗಿಗೆ ಒಂದು ಸಂಸ್ಥೆ, ಹೆಂಗಸರ ಗೇಲಿಕ್ ಫುಟ್‌ಬಾಲ್‌ಗೆ ಇನ್ನೊಂದು, ಗಂಡಸರ ಆಟಕ್ಕೆ ಜಿಎಎ. ಮೂರು ಕ್ಯಾಲೆಂಡರ್, ಮೈದಾನ ಒಂದು. ಒಂದೇ ದಿನ ಎರಡು ಪಂದ್ಯ ಬಿದ್ದು ಹುಡುಗಿಯರು ಒಂದನ್ನು ಆರಿಸಿಕೊಳ್ಳಬೇಕಾದದ್ದೂ ಉಂಟು. ರೀನಾ ಬಕ್ಲಿ ಕಾರ್ಕ್ ಪರ ಎರಡೂ ಆಡಿ 18 ಅಖಿಲ ಐರ್ಲೆಂಡ್ ಪದಕ ಗೆದ್ದವರು, ಎರಡೂ ತಂಡಕ್ಕೆ ನಾಯಕಿಯಾಗಿ ಕಪ್ ಎತ್ತಿದವರು. ಅಂಥವರು ಮತ್ತೆ ಬರಬೇಕಾದರೆ ಪಟ್ಟಿ ಮಾಡುವವರು ಒಂದೇ ಮೇಜಿನಲ್ಲಿ ಕೂರಬೇಕು. ಮೂರೂ ಸಂಸ್ಥೆಗಳು 2027ರೊಳಗೆ ಒಂದಾಗುವ ಗುರಿ ಇಟ್ಟುಕೊಂಡಿವೆ.

ನನ್ನ ಮಗುವನ್ನು ಎರಡಕ್ಕೂ ಹಾಕಲಾ, ಒಂದೇ ಸಾಕಾ?

ಚಿಕ್ಕ ವಯಸ್ಸಿನಲ್ಲಿ ಎರಡಕ್ಕೂ ಹಾಕಿ. ಸುಮ್ನೆ ಯೋಚಿಸಬೇಡಿ. 12 ವರ್ಷದ ಒಳಗಿನವರಿಗೆ ಚಾಂಪಿಯನ್‌ಶಿಪ್ಪಿನ ಒತ್ತಡ ಇರುವುದಿಲ್ಲ, ಎಲ್ಲರಿಗೂ ಆಡಲು ಸಿಗುವ ಹಾಗೆ ಪಂದ್ಯ ಮಾಡುತ್ತಾರೆ. ಹರ್ಲಿ ಹಿಡಿಯುವುದನ್ನು ಮಾತ್ರ ಬೇಗ ಕಲಿಸಿ. ಫುಟ್‌ಬಾಲನ್ನು ಹನ್ನೆರಡಕ್ಕೆ ಶುರು ಮಾಡಿದರೂ ಹಿಡಿತಕ್ಕೆ ಬರುತ್ತದೆ, ಹರ್ಲಿಂಗ್ ಹಾಗಲ್ಲ. ಹದಿಮೂರು, ಹದಿನಾಲ್ಕು ದಾಟಿದ ಮೇಲೆ ವಾರದ ಲೆಕ್ಕ ನೀವೇ ಇಡಿ. ಎರಡು ಕೋಚ್, ಶಾಲೆಯ ತಂಡ ಬೇರೆ. ಮಗುವಿಗೆ ಈ ವಾರ ಎಷ್ಟು ಅಭ್ಯಾಸ ಆಯಿತು ಅಂತ ಒಟ್ಟು ಲೆಕ್ಕ ಇರುವುದು ಮನೆಯವರ ಹತ್ತಿರ ಮಾತ್ರ. ಸಾಕು ಅನ್ನಿಸಿದ ದಿನ ಕೋಚ್‌ಗೆ ನೇರವಾಗಿ ಹೇಳಿ, ಅವರು ಬೇಸರ ಮಾಡಿಕೊಳ್ಳುವುದಿಲ್ಲ.

ಊರಿಗೆ ಟಿಕೆಟ್ ಯಾವಾಗ ಮಾಡಿಸಬೇಕು?

ಕನ್ನಡದ ಮನೆಗಳಿಂದ ಬರುವ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು! ಶಾಲೆಗೆ ರಜೆ ಜುಲೈ, ಆಗಸ್ಟ್. ಮಕ್ಕಳ ಪಂದ್ಯಗಳ ದಿನ ಕೌಂಟಿಯಿಂದ ಕೌಂಟಿಗೆ, ವಯಸ್ಸಿನಿಂದ ವಯಸ್ಸಿಗೆ ಬೇರೆ ಇರುತ್ತವೆ. ಹಾಗಾಗಿ ವರ್ಷದ ಮೊದಲಲ್ಲೇ ಕೋಚ್‌ಗೆ ನೀವು ಇಲ್ಲದ ವಾರಗಳನ್ನು ಬರೆದು ಕೊಡಿ. ಸಣ್ಣ ಕ್ಲಬ್‌ನಲ್ಲಿ ಒಬ್ಬ ಹುಡುಗ ಇಲ್ಲದಿದ್ದರೂ ಎರಡು ತಂಡಕ್ಕೆ ಆಳು ಕಡಿಮೆಯಾಗುತ್ತದೆ. ದೊಡ್ಡವರ ತಂಡದಲ್ಲಿ ಆಡುವವರಾದರೆ ಆಗಸ್ಟ್ ಮರೆತುಬಿಡಿ.

ನಾವು ಶಾಲೆ ಮುಗಿದ ವಾರವೇ ಬೆಂಗಳೂರಿಗೆ ಹೊರಟು ಜುಲೈ ಕೊನೆಗೆ ವಾಪಸ್ ಬರುತ್ತೇವೆ. ಗೌರಿ ಗಣೇಶ ಹಬ್ಬಕ್ಕೆ ಊರಿನಲ್ಲಿರುವುದು ತಪ್ಪಿಹೋಗುತ್ತದೆ, ನಮ್ಮಮ್ಮನಿಗೆ ಅದೊಂದು ಬೇಜಾರು. ಹೋದ ವರ್ಷ ಹಬ್ಬದ ದಿನ ಸಂಜೆ ಮಗನಿಗೆ ಫುಟ್‌ಬಾಲ್ ಪಂದ್ಯವಿತ್ತು. ಬೆಳಿಗ್ಗೆ ಪೂಜೆ ಮುಗಿಸಿ, ಉಳಿದ ಕಡುಬನ್ನು ಡಬ್ಬಿಗೆ ತುಂಬಿ ಮೈದಾನಕ್ಕೆ ಒಯ್ದಿದ್ದೆವು. ಹಾಫ್ ಟೈಮಿಗೆ ಡಬ್ಬಿ ಖಾಲಿ.